ಮೌಲಾಲಿಯ ಮೊದಲನೆಯ ಕುದುರೆ

"ಇನ್ನೂ ಕೆಡಿಸು," ಎಂದರು ಶಾಂತಯ್ಯ ಮಾಸ್ತರು.

ಮೌಲಾಲಿ ಪಾಟಿಯ ಮೇಲೆ ಬಳಪದಿಂದ ತೆಗೆದಿದ್ದ ಕುದುರೆಯ ಹಿಂಗಾಲೊಂದನ್ನು ಒರೆಸಿ, ಸೊಟ್ಟಗೆ ತೆಗೆದು, ಮಾಸ್ತರರ ಮೂಗಿನ ಮುಂದೆ ಹಿಡಿದ.

"ಇದು ಕುಂಟ ಕುದುರಿ ಆತೋ, ಕೆಟ್ಟ ಚಿತ್ರ ಎಲ್ಲಿ ಆತು? ಕುಂಟಿದ್ರೂ ಓಡಾಕತ್ತೈತಿ ನೋಡು."

"ಏನ ಮಾಡ್ಲಿರಿ ಮಾಸ್ತರ್ರ, ಈಗ ಕೈ ಮಾತ ಕೇಳವಲ್ದ್ರಿ."

ಧಾರವಾಡದ ಆ ಸಾಲಿಗೆ ಮರುದಿನ ಶಿಕ್ಷಣ ಇಲಾಖೆಯ ದಿಪೋಟಿ ಸಾಹೇಬರ ತಪಾಸಣೆ. ಮಕ್ಕಳ ಒಳ್ಳೆಯ ಕೆಲಸವನ್ನಷ್ಟೇ ತೋರಿಸಿದರೆ ನಡೆಯದು, ಮೊದಲು ಹೇಗಿತ್ತು, ತಿದ್ದಿಸಿದ ಮೇಲೆ ಹೇಗಾಯಿತು ಎಂಬುದನ್ನು ಕಾಗದದ ಮೇಲೆ ಪಕ್ಕಪಕ್ಕದಲ್ಲಿ ತೋರಿಸತಕ್ಕದ್ದು ಎಂದು ಸಾಹೇಬರ ಹುಕುಮು ಬಂದಿತ್ತು. ತೋರಿಸಲಾಗದ ಮಾಸ್ತರರಿಗಾಗಿ ಕಲಘಟಗಿಯ ಆಚೆ, ಮೋಟಾರು ಮುಟ್ಟದ ಊರೊಂದಕ್ಕೆ ವರ್ಗಾವಣೆ ಕಾಯುತ್ತಿತ್ತು. ಶಾಂತಯ್ಯನವರ ಮಗಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದಳು. ಆ ಊರಿನಲ್ಲಿ ಹೆಣ್ಣುಮಕ್ಕಳ ಸಾಲಿ ಹಾಗಿರಲಿ, ಗಂಡುಮಕ್ಕಳ ಸಾಲಿಗೇ ಒಂದು ಗೋಡೆ ಕಡಿಮೆ.

ಒಳ್ಳೆಯ ಕುದುರೆಯೇನೋ ಇತ್ತು. ಆದರೆ ಯುದ್ಧದ ದಿನಗಳು, ಕಾಗದ ಕಣ್ಣಿಗೆ ಒತ್ತಿಕೊಳ್ಳುವಷ್ಟು ತುಟ್ಟಿ. ಟಾಂಗಾ ಹೊಡೆಯುವ ಗುಲಾಬಸಾಬನ ಮಗ ಮೌಲಾಲಿಯ ಕುದುರೆ ಪಾಟಿಯ ಮೇಲೆಯೇ ಹುಟ್ಟಿ, ಪಾಟಿಯ ಮೇಲೆಯೇ ಬೆಳೆದಿತ್ತು. "ಇದೇನಲೇ, ಆಡು?" ಎಂದು ಜೊತೆಯ ಹುಡುಗ ಬೀರಪ್ಪ ಕೇಳಿದಾಗ ಅದರ ಕುತ್ತಿಗೆ ಉದ್ದವಾಯಿತು. "ಮೊಣಕಾಲು ಹಿಂಗ ಮಡಚತೈತೇನು?" ಎಂದು ಇನ್ನೊಬ್ಬ ಹುಡುಗ ಯಮನಪ್ಪ ಕೇಳಿದಾಗ ಮೌಲಾಲಿ ಟಾಂಗಾ ಸ್ಟ್ಯಾಂಡಿಗೆ ಓಡಿ, ಅಪ್ಪನ ಕುದುರೆಯ ಕಾಲಬುಡದಲ್ಲಿ ಕೂತು ನೋಡಿ ಬಂದ. ಪ್ರತಿ ಸಲವೂ ಬೆರಳಿಗೆ ಎಂಜಲು ಹಚ್ಚಿ ಒರೆಸಿದ, ಮತ್ತೆ ತೆಗೆದ. ಕಡೆಗೊಮ್ಮೆ ಕುದುರೆ ಕುದುರಿತು. ಆಗ ಅದನ್ನು ಇದ್ದ ಒಂದು ಹಾಳೆಗೆ ಇಳಿಸಿದ. ಇಷ್ಟೆಲ್ಲ ನಡೆಯುವಾಗ ಖುರ್ಚಿಯಲ್ಲಿದ್ದ ಮಾಸ್ತರರು ತಮ್ಮ ಅಭಿಪ್ರಾಯವನ್ನು ಗೊರಕೆಯ ಮೂಲಕ ಮಾತ್ರ ತಿಳಿಸಿದ್ದರು.

ಹೀಗಾಗಿ ಒಳ್ಳೆಯದು ಉಳಿದಿತ್ತು, ಕೆಟ್ಟದ್ದೆಲ್ಲ ಎಂಜಲಲ್ಲಿ ಹೋಗಿತ್ತು. ಸರಕಾರಕ್ಕೆ ಬೇಕಾದದ್ದು ಕೆಟ್ಟದ್ದು.

"ಕೊಡು ಇಲ್ಲೆ," ಎಂದು ಮಾಸ್ತರರು ಪಾಟಿ ಕಸಿದು ಬದಿಗಿಟ್ಟು, ಸೀಸದ ಪೆನ್ಸಿಲು ಹಿಡಿದರು. "ಕೆಟ್ಟದ್ದು ತೆಗಿಯಾಕ ಏನ ಭಾಳ ಬುದ್ಧಿ ಬೇಕೇನು?"

ಮನೆಯ ಗೋಡೆಯಿಂದ ಹರಿದು ತಂದಿದ್ದ ಕ್ಯಾಲೆಂಡರಿನ ಬೆನ್ನಿನ ಮೇಲೆ ಗೆರೆ ಎಳೆದರು. ಎರಡು ಗೆರೆಯಾಗುವುದರೊಳಗೆ ಅವರಿಗೆ ಹುರುಪು ಬಂತು. ತೀರಾ ಕೆಟ್ಟದ್ದಾದರೆ ಸಾಹೇಬರಿಗೆ ಸಂಶಯ ಬಂದೀತು, ಸ್ವಲ್ಪ ಚಂದವೂ ಇರಲಿ ಎಂದುಕೊಂಡರು. ನಾಲಿಗೆ ಹೊರಚಾಚಿ, ಉಸಿರು ಬಿಗಿಹಿಡಿದು, ಮೈಯೆಲ್ಲ ಬೆವರಾಗಿ ಮುಗಿಸಿದರು. ಇದ್ದ ಕಲೆಯನ್ನೆಲ್ಲ ಧಾರೆ ಎರೆದು, ಹಾಳೆ ಎತ್ತಿ ತೋರಿಸಿದರು.

ಮೊದಲು ಒಂದು ಛಲೋ ಮಾತು ಹೇಳಿ, ಆಮೇಲೆ ತಪ್ಪು ತೋರಿಸುವುದು ಹುಡುಗರ ರೂಢಿ.

"ಕಿವಿ ಭಾಳ ಛಂದ ಬಂದಾವ್ರಿ," ಎಂದ ಬೀರಪ್ಪ. "ಆದ್ರ ಕುದುರೀವಲ್ರಿ, ಕತ್ತೀವು."

"ಬಾಲ ಖರೇನ ಬಾಲ ಇದ್ದಂಗ ಐತ್ರಿ," ಎಂದ ಯಮನಪ್ಪ.

"ಅದು ಮಾರಿ," ಎಂದರು ಮಾಸ್ತರು, ತಮ್ಮ ಮುಖ ಮುಟ್ಟಿ ತೋರಿಸಿ.

ಮೌಲಾಲಿ ಮಾತ್ರ ಕಳಕಳಿಯಿಂದ ಹತ್ತಿರ ಬಂದ. "ಇನ್ನೊಮ್ಮೆ ತೆಗದ್ರ ಬರತೈತ್ರಿ. ಬೇಕಂದ್ರ ಸಂಜಿಗೆ ಟಾಂಗಾ ಸ್ಟ್ಯಾಂಡಿಗೆ ಬರ್ರಿ, ಕಾಲು ತೋರಸ್ತೇನಿ."

"ಲೇ, ನಾ ಬೇಕಂತನ ಕೆಡಿಸೇನಿ," ಎಂದರು ಮಾಸ್ತರು. ಅವರ ಕಿವಿ ಕೆಂಪಗಾಗಿದ್ದವು. ಆ ಹಾಳೆಯ ಮೂಲೆಯಲ್ಲಿ ತಾವೇ ಮೌಲಾಲಿಯ ಹೆಸರು ಬರೆದು, ನಾಳೆ ಯಾರೂ ಬಾಯಿ ಬಿಡಬಾರದೆಂದು ಬೆತ್ತ ತೋರಿಸಿ ತಿಳಿಹೇಳಿದರು.

ಮರುದಿನ ದಿಪೋಟಿ ಸಾಹೇಬರು ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಹಿಡಿದು, ಮೂಗಿನ ಮೇಲಿನ ಚಾಳೀಸು ಏರಿಸಿ, ಇಳಿಸಿ, ಮತ್ತೆ ಏರಿಸಿದರು.

"ಈ ಮೊದಲನೇದ್ದ ನೋಡಿದ್ರ, ಈ ಕೈಗೆ ಏಳು ಜನ್ಮಕ್ಕೂ ಚಿತ್ರ ಬರೂದಿಲ್ಲ ಅಂತ ಬರಕೊಡತಿದ್ದೆ. ಇಂಥಾ ದಡ್ಡನ್ನ ನಾ ನಮ್ಮ ಇಲಾಖೆದಾಗ ಕಂಡಿಲ್ಲ. ಏನಂತೀರಿ ಮಾಸ್ತರ?"

"ಹೌದ್ರಿ ಸಾಹೇಬರ. ಭಾಳ ದಡ್ಡ."

"ಇಂಥಾವನ್ನ ತಿದ್ದಿ ಇಲ್ಲೀತನಕ ತಂದೀರಿ?"

"ಹಗಲೆಲ್ಲಾ ಕಣ್ಣ ಮುಚ್ಚದ ತಿದ್ದೇನ್ರಿ."

ಕಲಘಟಗಿಯ ಆಚೆಗೆ ಬೇರೆ ಯಾರೋ ಹೋದರು. ಸಾಹೇಬರು ಎರಡೂ ಕುದುರೆಗಳಿಗೆ ಚೌಕಟ್ಟು ಹಾಕಿಸಿ, ಗಾಜು ಕೂರಿಸಿ, ಎಲ್ಲ ಮಾಸ್ತರರ ಕಣ್ಣಿಗೆ ಬೀಳುವಂತೆ ತಮ್ಮ ಆಫೀಸಿನ ಪಡಸಾಲೆಯಲ್ಲಿ ತೂಗುಹಾಕಿಸಿದರು. ಗಾಜು ಕೂರಿಸುವ ಮೊದಲು ಒಂದರ ಕೆಳಗೆ ಸ್ವಂತ ಕೈಯಿಂದ "ಶಿಕ್ಷಣಕ್ಕೆ ಮೊದಲು: ಮೌಲಾಲಿ ಗುಲಾಬಸಾಬ" ಎಂದು ಬರೆದಿದ್ದರು. ಇನ್ನೊಂದರ ಕೆಳಗೆ "ಶಿಕ್ಷಣದ ತರುವಾಯ: ಶಾಂತಯ್ಯ ಮಾಸ್ತರರು" ಎಂದು.

ತಿಂಗಳ ಕೊನೆಗೆ ಮಾಸ್ತರರು ಆಫೀಸಿಗೆ ಹೊರಟಾಗ ಮೌಲಾಲಿ ಬೆನ್ನು ಬಿದ್ದ. ಪಡಸಾಲೆಯಲ್ಲಿ ಚಿತ್ರದ ಮುಂದೆ ನಿಂತ.

"ಮಾಸ್ತರ್ರ, ಈ ಕತ್ತಿ ಕೆಳಗ ನನ್ನ ಹೆಸರ ಐತ್ರಿ. ಸ್ಟ್ಯಾಂಡಿನ್ಯಾಗ ಎಲ್ಲಾರೂ ನಮ್ಮಪ್ಪಗ ನಗಾಕತ್ತಾರ. ಇದೊಂದು ತಿದ್ದೂಣ್ರಿ."

ಮಾಸ್ತರರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅದು ಸಾಹೇಬರ ಅಕ್ಷರಪಾ. ಸಾಹೇಬರು ಬರದದ್ದು ಯಾವತ್ತೂ ಕಚ್ಚಾ ಇರಂಗಿಲ್ಲ."

ಅವರು ಒಳಗೆ ಹೋದರು. ಮೌಲಾಲಿ ರೂಢಿಯಂತೆ ಬೆರಳಿಗೆ ಎಂಜಲು ಹಚ್ಚಿಕೊಂಡು, ಗಾಜಿನ ಮೇಲೆ ತನ್ನ ಹೆಸರಿದ್ದ ಕಡೆ ತಿಕ್ಕತೊಡಗಿದ. ತಿಕ್ಕಿದಂತೆಲ್ಲ ಧೂಳು ಹೋಗಿ, ಹೆಸರು ಲಕಲಕ ಹೊಳೆಯಿತು.