ಒಂದು ಸಹಿ ಕಡಿಮೆ

“ಇದು ಯಾರಿಗಮ್ಮ, ಇಷ್ಟು ಚೆನ್ನಾಗಿ ಸಿಂಗಾರ ಮಾಡಿಟ್ಟಿದ್ದೀರಿ?” ಎಂದು ವನಿತಾ ಕೇಳಿದ್ದು ಬರೀ ಮಾತಿಗೆ. ಅಟ್ಟೂರಿನಲ್ಲಿ ಬೈರಣ್ಣನ ಮನೆಯ ಹಾಲಿನಲ್ಲಿ ಅವಳು ಕಾಫಿ ಕುಡಿಯುತ್ತ ಕೂತಿದ್ದಳು. ಅವಳು ಕೊಳ್ಳಲಿದ್ದ ಸೈಟಿನ ಮೂಲ ಪತ್ರವನ್ನು ಬೈರಣ್ಣ ಒಳಗೆ ಬೀರುವಿನಲ್ಲಿ ಹುಡುಕುತ್ತಿದ್ದ. ಎದುರಿಗೆ ಅರಿಶಿನ ಹಚ್ಚಿದ ಜೋಡಿ ಮೊರ, ಅದರ ಪಕ್ಕ ಹೊಸ ಸೀರೆ, ಬಳೆ. ಮಾರನೆಯ ದಿನ ಗೌರಿ ಹಬ್ಬ.

“ಮಗಳ್ಗೆ ಕಣಮ್ಮ,” ಎಂದರು ಬೈರಣ್ಣನ ತಾಯಿ ಸೊಣ್ಣಮ್ಮ. “ಸೋಲದೇವನಳ್ಳಿಗೆ ಕೊಟ್ಟಿದ್ದೀವಿ. ಗೌರಿ ಅಬ್ಬಕ್ಕೆ ತವರಿಂದ ಬಾಗಿನ ಓಗ್ದಿದ್ರೆ ಆಯ್ತದಾ? ಇಪ್ಪತ್ತೆರಡು ವರ್ಸದಿಂದ ಒಂದ್ ಸಲಾನೂ ತಪ್ಸಿಲ್ಲ. ಬೈರನೇ ಗಾಡೀಲಿ ತಗೊಂಡೋಗಿ ಕೊಟ್ಟು ಬತ್ತಾನೆ.”

ವನಿತಾಳ ಕೈಯಲ್ಲಿದ್ದ ಲೋಟ ತುಟಿಯವರೆಗೆ ಹೋಗಲಿಲ್ಲ. “ನಿಮಗೆ ಮಗಳಿದ್ದಾರಾ?”

“ಯಾಕಿಲ್ಲ? ಲಕ್ಷ್ಮಿದೇವಮ್ಮ ಅಂತ. ಇವನಿಗಿಂತ ಎರಡೊರ್ಸ ಚಿಕ್ಕೋಳು.”

ವನಿತಾ ಬೆಂಡೆಕಾಯಿ ಕೊಳ್ಳುವಾಗಲೂ ತುದಿ ಮುರಿದು ನೋಡುವ ಹೆಂಗಸು. ಹೆಬ್ಬಾಳದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಆರ್.ಟಿ. ನಗರದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಹಬ್ಬ ಮುಗಿದ ಮೇಲೆ ಸೋಮವಾರ ರಿಜಿಸ್ಟ್ರೇಷನ್ ಎಂದು ನಿಗದಿಯಾಗಿತ್ತು. ಅವಳು ಯಾವುದನ್ನೂ ಬಿಟ್ಟಿರಲಿಲ್ಲ. ಖಾತೆ ನೋಡಿದಳು, ಮೂವತ್ತು ವರ್ಷದ ವ್ಯವಹಾರ ತೋರಿಸುವ ಇ.ಸಿ. ತೆಗೆಸಿದಳು, ಟೇಪು ಹಿಡಿಸಿ ಸೈಟು ಅಳೆಸಿದಳು, ವಕೀಲರು ಹೇಳಿದರೆಂದು ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಟ್ಟಳು. ಯಾರೂ ತಕರಾರು ಎತ್ತಲಿಲ್ಲ. ಆದರೆ ಇ.ಸಿ.ಯಲ್ಲಿ ಸಾಲ ಕಾಣುತ್ತದೆ, ಮಾರಾಟ ಕಾಣುತ್ತದೆ, ತಂಗಿ ಕಾಣುವುದಿಲ್ಲ. ತಂಗಿ ಕಾಣಬೇಕಾದದ್ದು ವಂಶವೃಕ್ಷದ ಪತ್ರದಲ್ಲಿ. ಬೈರಣ್ಣ ತಂದುಕೊಟ್ಟಿದ್ದ ಆ ಪತ್ರದ ಪ್ರಕಾರ, ತೀರಿಹೋದ ಅವನ ತಂದೆಯ ಈ ಜಾಗಕ್ಕೆ ವಾರಸುದಾರರು ಇಬ್ಬರೇ. ಹೆಂಡತಿ ಸೊಣ್ಣಮ್ಮ, ಒಬ್ಬನೇ ಮಗ ಬೈರಣ್ಣ. ಸೀಲು, ಸಹಿ ಎಲ್ಲ ಸರಿಯಾಗಿಯೇ ಇತ್ತು.

ಬೈರಣ್ಣ ಕವರು ಹಿಡಿದು ನಗುತ್ತ ಹೊರಗೆ ಬಂದ. “ಸಿಕ್ತು ಮೇಡಂ. ಇನ್ನೇನ್ ಚಿಂತೆ ಇಲ್ಲ.”

“ಬೈರಣ್ಣನವರೇ, ವಂಶವೃಕ್ಷದಲ್ಲಿ ನಿಮ್ಮ ತಂಗಿ ಹೆಸರು ಯಾಕೆ ಹಾಕ್ಸಿಲ್ಲ?”

ಅವನು ತಾಯಿಯ ಕಡೆ ನೋಡಿದ, ಮೊರದ ಕಡೆ ನೋಡಿದ. ಸರ್ಕಾರಿ ಕಾಗದದಿಂದ ತಂಗಿಯನ್ನು ಅಷ್ಟು ನಾಜೂಕಾಗಿ ತೆಗೆಸಿದ ಜಾಣನಿಗೆ, ಇವತ್ತೊಂದು ದಿನ ಬಾಗಿನವನ್ನು ಒಳಗಿಡಬೇಕೆಂದು ಹೊಳೆದಿರಲಿಲ್ಲ. ವರ್ಷ ವರ್ಷ ಮಾಡುವ ಕೆಲಸವನ್ನು ಯಾರು ತಾನೇ ಬಚ್ಚಿಡುತ್ತಾರೆ?

“ಅವ್ಳಿಗೆ ಮದ್ವೇಲೇ ಎಲ್ಲಾ ಕೊಟ್ಟಾಗಿದೆ ಮೇಡಂ. ನಮ್ ಕಡೆ ಹೆಣ್ಮಕ್ಳು ಪಾಲು ಕೇಳಲ್ಲ.”

“ಕೇಳ್ದಿದ್ರೆ ಒಳ್ಳೇದೇ ಆಯ್ತು. ಬಂದು ಒಂದು ಸಹಿ ಹಾಕ್ಲಿ.”

“ಸಹಿ ಕೇಳೋಕ್ ಹೋದ್ರೆ ತಾನೇ ಪಾಲು ನೆನಪಾಗೋದು! ಅವ್ಳ್ ಗಂಡ ಸುಮ್ನಿರ್ತಾನಾ? ನೋಡಿ ಮೇಡಂ, ನಿಮ್ ವಕೀಲ್ರೇ ಓಕೆ ಅಂದ್ರು. ನೀವೊಬ್ರು ಸುಮ್ನಿದ್ರೆ ಯಾರಿಗ್ ಗೊತ್ತಾಗುತ್ತೆ?”

ಸುಮ್ಮನಿದ್ದುಬಿಡೋಣ ಎಂದು ವನಿತಾಗೂ ಅನ್ನಿಸಿತು. ಸುಳ್ಳೇಕೆ, ಬಲವಾಗಿಯೇ ಅನ್ನಿಸಿತು. ಮನಸ್ಸಿನಲ್ಲಿ ಆಗಲೇ ಮನೆ ಕಟ್ಟಿ, ಅಡುಗೆಮನೆಗೆ ಪೂರ್ವದ ಕಿಟಕಿಯನ್ನೂ ಇಟ್ಟಾಗಿತ್ತು. ಆದರೆ ಆ ಕಿಟಕಿಯ ಹೊರಗೆ ಕೋರ್ಟಿನ ಅಮೀನ ನೋಟಿಸು ಹಿಡಿದು ನಿಂತದ್ದೂ ಕಂಡುಬಿಟ್ಟಿತು. ಲೋಟ ಕೆಳಗಿಟ್ಟಳು.

“ನಾಳೆ ಅವರೋ ಅವರ ಮಕ್ಕಳೋ ಕೇಸ್ ಹಾಕಿದ್ರೆ ಅಲೆಯೋಳು ನಾನು. ಲಕ್ಷ್ಮಿದೇವಮ್ಮ ಬಂದು ಪತ್ರಕ್ಕೆ ಸಹಿ ಹಾಕಿದ್ರೆ ಸೈಟು ತಗೋತೀನಿ. ಇಲ್ಲಾಂದ್ರೆ ನನಗೆ ಬೇಡ.” ಹಾಗೆಂದಾಗ ಅವಳಿಗೆ ಅಳುವೇ ಬಂದಿತ್ತು, ತಡೆದುಕೊಂಡಳು.

ಅಲ್ಲಿಯವರೆಗೆ ಇಬ್ಬರ ಮುಖವನ್ನೂ ನೋಡುತ್ತಿದ್ದ ಸೊಣ್ಣಮ್ಮ ಕೇಳಿದರು, “ಏನ್ಲಾ ಬೈರ, ಯಾವ್ ಕಾಗ್ದದಾಗೆ ಅವಳೆಸ್ರಿಲ್ಲ?”

ವನಿತಾ ತನ್ನ ಫೈಲಿನಿಂದ ವಂಶವೃಕ್ಷಕ್ಕೆಂದು ಕೊಟ್ಟಿದ್ದ ಪ್ರಮಾಣಪತ್ರದ ಜೆರಾಕ್ಸ್ ತೆಗೆದು, ಓದು ಬಾರದ ಮುದುಕಿಯ ಪಕ್ಕ ಕೂತು ಓದಿದಳು. “ನಮಗೆ ಬೈರಣ್ಣ ಒಬ್ಬನೇ ಮಗ. ಬೇರೆ ಗಂಡು, ಹೆಣ್ಣು ಮಕ್ಕಳು ಇರುವುದಿಲ್ಲ.” ಕೆಳಗೆ ಒಂದು ಹೆಬ್ಬೆಟ್ಟಿನ ಗುರುತಿತ್ತು.

“ಇದು ನಂದೇ,” ಎಂದರು ಸೊಣ್ಣಮ್ಮ. ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. “ಪಿಂಚಣಿಗೆ ಅಂತ ಒತ್ತಿಸ್ಕೊಂಡ್ಯಲ್ಲೋ.”

ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಬೈರಣ್ಣ ಗಾಡಿಯ ಕೀ ತೆಗೆದುಕೊಂಡ.

“ಅದೆಲ್ಲಾ ಆಮೇಲ್ ಮಾತಾಡಾಣ ಬಿಡಮ್ಮ. ಟ್ರಾಫಿಕ್ ಜಾಸ್ತಿ ಆಗೋದ್ರೊಳಗೆ ಬಾಗಿನ ಕೊಟ್ಟು ಬಂದ್ಬಿಡ್ತೀನಿ,” ಎಂದು ಮೊರ ಎತ್ತಲು ಬಗ್ಗಿದ.

ಸೊಣ್ಣಮ್ಮ ಅವನ ಕೈ ಹಿಡಿದುಕೊಂಡರು.

“ಇರ್ಲಾ. ನಿಂಗ್ ತಂಗೀನೇ ಇಲ್ವಂತಲ್ಲ, ಯಾರಿಗ್ ಕೊಡಕ್ ಓಯ್ತಿದ್ದೀಯ?”