ಸೀಡಿ ಆಗುವವರೆಗೆ

“ಆಯ್ತೇನಮ್ಮಾ?” ಆಂಬುಲೆನ್ಸ್ ಓಡಿಸುವ ಓಬುಳೇಶ ಬಾಗಿಲಲ್ಲಿ ಮತ್ತೆ ತಲೆ ಹಾಕಿದ. “ತಲೆ ಒಳಗೆ ರಕ್ತ ಸೋರ್ತಾ ಐತೆ ಅಂತ ನೀನೇ ಅಂದೆ. ಇಂಗೆ ನಿಂತ್ಕಂಡ್ರೆ ಹೆಂಗೆ?”

ಭಾರ್ಗವಿ ಪರದೆಯಿಂದ ಕಣ್ಣು ಕೀಳಲಿಲ್ಲ. ಕಲ್ಯಾಣದುರ್ಗದ ಆ ಸ್ಕ್ಯಾನ್ ಸೆಂಟರಿಗೆ ಅವಳೊಬ್ಬಳೇ ಟೆಕ್ನಿಷಿಯನ್. ಕುಂದುರ್ಪಿ ಕಡೆಯ ಕುರಿಗಾಹಿ ದಾಸಣ್ಣ ಜೀಪಿನ ಹಿಂದೆ ಜೋತುಬಿದ್ದು ಬರುತ್ತಿದ್ದವನು ಕೈಜಾರಿ ರಸ್ತೆಗೆ ಬಿದ್ದಿದ್ದ. ಅವನ ತಲೆಯ ಸ್ಕ್ಯಾನ್ ಮುಗಿದಿತ್ತು, ಆಂಬುಲೆನ್ಸಿಗೆ ಏರಿಸಿಯೂ ಆಗಿತ್ತು. ಉಳಿದದ್ದು ದೊಡ್ಡಾಸ್ಪತ್ರೆಯ ಡಾಕ್ಟರಿಗೆ ತೋರಿಸಲು ಆ ಚಿತ್ರಗಳನ್ನು ಸೀಡಿಗೆ ಬರೆದುಕೊಡುವ ಕೆಲಸವೊಂದೇ. ಕೂತು ಟೀ ಕುಡಿಯುವಷ್ಟರಲ್ಲಿ ಮುಗಿಯುವಂಥದ್ದು. ದಸರೆಯಿಂದೀಚೆಗೆ ಕಂಪ್ಯೂಟರು ಸ್ವಲ್ಪ ತಡ ಮಾಡುತ್ತಿತ್ತು, ನಿಜ. ಇವತ್ತು ಮಾತ್ರ ಹನ್ನೊಂದು ಪರ್ಸೆಂಟಿಗೆ ಬಂದು, ಮೊಂಡು ಎತ್ತಿನ ಹಾಗೆ ಕೂತೇಬಿಟ್ಟಿತ್ತು. ಅವಸರಕ್ಕೆ ಅಜ್ಜಿ ಮೈನೆರೆದಳು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

“ಸೀಡಿ ಇಲ್ದೇ ಹೊಂಟೋಗಣ್ಣ. ಫೋನಿಗೆ ಕಳಿಸ್ತೀನಿ.”

“ಹೋದ ಸಲ ಅಂಗೇ ಹೋಗಿದ್ದೆ ಕಣಮ್ಮ. ಫೋನಾಗಿನ ಪಟ ನೋಡಿ ತಲೆ ಕುಯ್ಯಕ್ಕಾಗಲ್ಲ, ಇಲ್ಲೇ ಮತ್ತೆ ಸ್ಕ್ಯಾನ್ ಮಾಡಿಸ್ರಿ ಅಂದ್ಬುಟ್ರು ದೊಡ್ಡಾಸ್ಪತ್ರೇಲಿ. ಆ ಲೈನಾಗೇ ಹೋಯ್ತು ಆ ಜೀವ. ಇರ್ತೀನಿ, ನೀ ಬ್ಯಾಗ ಮಾಡು.”

ಹೊರಗಿನಿಂದ ದಾಸಣ್ಣನ ಹೆಂಡತಿ ಓಬಕ್ಕನ ದನಿ ಕೇಳುತ್ತಿತ್ತು. “ಏಯ್, ಕಣ್ ಬುಡು. ಕುರಿ ಎಲ್ಲಾ ಹಟ್ಟಿಗೆ ಬಂದವೆ, ನೋಡು. ನಿನ್ನೇ ಕೇಳ್ತಾವೆ, ಏಯ್...”

ಭಾರ್ಗವಿ ಹಿಂದೂಪುರದ ಜಯಚಂದ್ರನಿಗೆ ಫೋನ್ ಹಚ್ಚಿದಳು. ಈ ಕಂಪ್ಯೂಟರನ್ನು ತಂದು ಕೂಡಿಸಿದವನೂ ಅವನೇ, ಕೆಟ್ಟರೆ ನೋಡುವವನೂ ಅವನೇ.

“ಅದು ಲಿನಕ್ಸ್ ಮಿಷನ್ನು ಕಣಮ್ಮ, ಏನಾಯ್ತು ಅಂತ ಕೇಳಿದ್ರೆ ಅದೇ ಹೇಳ್ತದೆ. ಗಾಬರಿ ಪಡಬ್ಯಾಡ. ಪರದೆ ಮ್ಯಾಲೆ ಕಮಾಂಡ್ ಬರೆಯೋ ಕಪ್ಪು ಕಿಟಕಿ ತಗೀ, ನಾ ಹೇಳ್ದಂಗೆ ಟೈಪ್ ಮಾಡು.”

ಒಳಗೊಳಗೇ ಹಳೆಯ ಸ್ಕ್ಯಾನುಗಳ ಬ್ಯಾಕಪ್ ನಡೆಯುತ್ತಿತ್ತು. ಅದನ್ನು ನಿಲ್ಲಿಸಿದಳು, ವೇಗ ಏರಲಿಲ್ಲ. ಆ ಸೀಡಿ ಎಸೆದು ಬೇರೆ ಡಬ್ಬದ್ದು ಹಾಕಿದಳು, ಅದೂ ಅಷ್ಟೇ. ಬರೆಯುವ ವೇಗವನ್ನು ಇಬ್ಬರೂ ಸೇರಿ ತಾವೇ ಗೊತ್ತು ಮಾಡಿ ನೋಡಿದರು. ನಾಲ್ಕು ಹೆಜ್ಜೆ ಓಡಿದಂತೆ ಮಾಡಿ ಮತ್ತೆ ತೆವಳತೊಡಗಿತು. ಅವಸರದಲ್ಲಿ ತಪ್ಪಿ, ಒಂದೊಂದು ಅಕ್ಷರವನ್ನೂ ಎರಡೆರಡು ಸಲ ಒತ್ತಬೇಕಾಯಿತು. ದೇವರೇ, ಇವತ್ತೊಂದು ದಿನ ನಡೆಸಿಕೊಡು ಎಂದು ಮನಸ್ಸಿನಲ್ಲೇ ಅಂಗಲಾಚಿದಳು.

“ಪರದೆ ಮ್ಯಾಲೆ ಅದೇನು ಬಂದೈತೆ, ಓದು,” ಎಂದ ಜಯಚಂದ್ರ. ಓದಿದಳು.

“ಲೇಸರಿಗೆ ಸೀಡಿ ಸರಿಯಾಗಿ ಕಾಣಿಸ್ತಿಲ್ಲ ಕಣಮ್ಮ. ಪದೇ ಪದೇ ತಪ್ಪಿ, ತಾನೇ ನಿಧಾನ ಮಾಡ್ಕಂಡೈತೆ. ಸೀಡಿ ಇಡೋ ಟ್ರೇ ಈಚೆ ಎಳ್ದು ನೋಡು. ಮಧ್ಯೆ ಚಿಕ್ಕ ಗಾಜಿನ ಕಣ್ಣಿರ್ತದೆ. ಅದ್ಕೇನೋ ಬಿದ್ದೈತೆ.”

ಟ್ರೇ ಎಳೆದು ಮೊಬೈಲಿನ ಬೆಳಕು ಬಿಟ್ಟಳು. ಗಾಜಿನ ಕಣ್ಣು ಕೆಂಪಗಿತ್ತು.

ಕುಂಕುಮ.

ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಕುಂಕುಮ ಇಟ್ಟವಳು, ಇದೊಂದನ್ನು ಯಾಕೆ ಬಿಡಲಿ ಎಂದು ಟ್ರೇ ಎಳೆದು, ಆ ಕಣ್ಣಿನ ಮಗ್ಗುಲಿಗೇ ಒಂದು ಬೊಟ್ಟು ಇಟ್ಟಿದ್ದಳು. ‘ನನ್ನ ಅನ್ನ ನೀನೇ ಕಣಪ್ಪ’ ಎಂದು ಕೈಮುಗಿದಿದ್ದಳು ಬೇರೆ. ಸೀಡಿ ತಿರುಗಿದಾಗಲೆಲ್ಲ ಪುಡಿ ಎದ್ದು, ದಿನಕ್ಕಿಷ್ಟು ದಿನಕ್ಕಿಷ್ಟು ಗಾಜಿನ ಮೇಲೆ ಕೂತಿತ್ತು. ಯಾರನ್ನು ಬೈಯುವುದು? ಇಟ್ಟ ಕೈಯೂ ಅವಳದೇ, ಬೈಯಬೇಕಾದ ಬಾಯಿಯೂ ಅವಳದೇ.

“ಏನೈತಮ್ಮಾ ಒಳಗೆ?” ಜಯಚಂದ್ರ ಕೇಳಿದ.

“ಧೂಳು,” ಎಂದು ಫೋನಿಟ್ಟಳು.

ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದಳು. ಕುಂಕುಮ ಕರಗಿ ಬೆರಳಿಗೆಲ್ಲ ಮೆತ್ತಿಕೊಂಡಿತು. ತೊಳೆಯುವ ವ್ಯವಧಾನ ಎಲ್ಲಿಯದು? ಹೊಸ ಸೀಡಿ ಹಾಕಿ ಗುಂಡಿ ಒತ್ತಿದಳು. ಯಂತ್ರ ಗುಂಯ್ ಎಂದಿತು. ಇಪ್ಪತ್ತು, ನಲವತ್ತು, ಎಪ್ಪತ್ತು... ಇಷ್ಟು ಹೊತ್ತು ಸತಾಯಿಸಿದ್ದು ತಾನಲ್ಲವೇ ಅಲ್ಲ ಎನ್ನುವಂತೆ ಓಡಿ ಮುಗಿಸಿಬಿಟ್ಟಿತು. ಆಗ ಅವಳಿಗೆ ಅನ್ನಿಸಿತು, ಹೊರಗೆ ಓಬುಳೇಶ ಬಾಗಿಲಿಗೆ ಬಂದು ಕೇಳುವುದನ್ನು ನಿಲ್ಲಿಸಿ ಬಹಳ ಹೊತ್ತಾಯಿತು ಎಂದು.

ಬಿಸಿ ಸೀಡಿಯನ್ನು ಹಿಡಿದು ಓಡಿದಳು.

ಆಂಬುಲೆನ್ಸಿನ ಹಿಂಬಾಗಿಲು ತೆರೆದಿತ್ತು. ಓಬುಳೇಶ ಒಳಗೆ ದಾಸಣ್ಣನ ಮಣಿಕಟ್ಟು ಹಿಡಿದು ಕೂತಿದ್ದ. ಭಾರ್ಗವಿಯ ಮುಖ ನೋಡಿ, ಇಲ್ಲ ಎಂದು ತಲೆಯಾಡಿಸಿದ. ಆ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಇಟ್ಟ.

ಹಿಂಬಾಗಿಲ ಬಳಿ ನಿಂತು, ಹೆಜ್ಜೆಯ ಸದ್ದಿಗೆ ಇತ್ತ ತಿರುಗಿದ್ದ ಓಬಕ್ಕ ಅದನ್ನು ಕಾಣಲಿಲ್ಲ. ಸೀಡಿಯನ್ನೂ ನೋಡಲಿಲ್ಲ. ಅದನ್ನು ಹಿಡಿದಿದ್ದ ಬೆರಳುಗಳನ್ನು ನೋಡಿದಳು. ಅವಳ ಮುಖ ಅರಳಿತು.

“ಪೂಜೆ ಮಾಡ್ಸ್ಕಂಡು ಬಂದ್ಯಾ, ನನ್ತಾಯಿ? ಅದ್ಕೇನಾ ಇಷ್ಟೊತ್ತಾಗಿದ್ದು?”

ಎಂದವಳೇ ಭಾರ್ಗವಿಯ ಕೆಂಪು ಬೆರಳನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಹಣೆಗೆ ಒತ್ತಿಕೊಂಡಳು.