ಮುನಿಸಿಕೊಂಡ ನೀಲಿ

ಪ್ರಾಕ್ಟಿಕಲ್ ಪರೀಕ್ಷೆಯ ಗಂಟೆ ಬಾರಿಸಿತೋ ಇಲ್ಲವೋ, ಪರೀಕ್ಷಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಅದ್ದಲು ನೀಲಿ ಬಣ್ಣ ತುಂಬಿ ಸಾಲಾಗಿಟ್ಟಿದ್ದ ಬಕೆಟ್‌ಗಳಿಗೆಲ್ಲ ಕೋಲು ಹಾಕಿ ಗರಗರ ತಿರುವಿಬಿಟ್ಟಳು. ವಾರವಿಡೀ ಹುಳಿಬರಿಸಿ, ಕೂಸಿನಂತೆ ಸಾಕಿದ ಬಣ್ಣ. ವಿದ್ಯಾರ್ಥಿಗಳ ಮುಖ ಸಪ್ಪಗಾಯಿತು.

"ಏನ್ ಮಾಡ್ತಿದ್ದೀಯ ಚಿಕ್ಕಮ್ಮಾ?" ರಸಾಯನಶಾಸ್ತ್ರದ ಮೇಡಂ ಓಡಿಬಂದಳು. ಪರೀಕ್ಷಕಿಯಾಗಿ ಅವಳು ಕರೆಸಿದ್ದು ತನ್ನ ಚಿಕ್ಕಮ್ಮನನ್ನೇ. "ಗಾಳಿ ಸೇರಿದ್ರೆ ಬಣ್ಣ ಮುನಿಸ್ಕೊಳ್ಳುತ್ತೆ, ಬಟ್ಟೆಗೆ ಹಿಡಿಯಲ್ಲ ಅಂತ ನಂಗೆ ಹೇಳಿಕೊಟ್ಟೋಳೇ ನೀನು."

"ಅದಕ್ಕೇ ಕಲಕಿದ್ದು. ನಮ್ಮನೇಲಿ ಪರೀಕ್ಷೆ ಅಂದ್ರೆ ಇದೇ ಅಲ್ವೇನೇ? ಚೆನ್ನಾಗಿರೋ ಬಣ್ಣದಲ್ಲಿ ಯಾರು ಬೇಕಾದ್ರೂ ಬಟ್ಟೆ ಅದ್ದುತ್ತಾರೆ. ಮುನಿಸ್ಕೊಂಡಿದ್ದನ್ನ ಒಲಿಸ್ಕೊಳ್ಳಲಿ, ನೋಡೋಣ."

ಮೇಡಂಗೆ ನಗುವೂ ಬಂತು, ಭಯವೂ ಆಯಿತು. ತಲೆತಲಾಂತರದಿಂದ ಬಣ್ಣ ಅದ್ದುವ ತನ್ನ ಜನರ ವಿದ್ಯೆ ಕಾಲೇಜಿನ ಪಾಠವಾಗಲೆಂದು ಅವಳು ಅಲೆಯದ ಕಚೇರಿಯಿಲ್ಲ. ಇವತ್ತು ಎಡವಟ್ಟಾದರೆ ಮುಂದಿನ ವರ್ಷ ಈ ಪಾಠವಿಲ್ಲ ಎಂದು ಪ್ರಿನ್ಸಿಪಾಲರು ಕಡ್ಡಿ ಮುರಿದಂತೆ ಹೇಳಿದ್ದರು. ಆ ಪುಣ್ಯಾತ್ಮರು ಈಗ ಬಾಗಿಲಲ್ಲೇ ನಿಂತಿದ್ದರು.

ವಿದ್ಯಾರ್ಥಿಗಳು ಚುರುಕಾದರು. ಬಕೆಟ್‌ಗಳನ್ನು ಬೆಚ್ಚಗೆ ಮಾಡಿದರು, ಸುಣ್ಣ ಬೆರೆಸಿದರು, ಕಳಿತ ಹಣ್ಣು ಹಿಸುಕಿ ಹಾಕಿದರು. ಕೆಲವರು ಪಿಎಚ್ ಮೀಟರ್ ಅದ್ದಿ ನೋಡಿದರು, ಕೆಲವರು ಮೂಗು ಹತ್ತಿರ ತಂದು ಮೂಸಿದರು, ಜಾಣರು ಎರಡನ್ನೂ ಮಾಡಿದರು. ಸಮಯ ಮುಗಿಯುವ ಹೊತ್ತಿಗೆ ಹಸಿರಾಗಿ ಮೇಲೆದ್ದ ಬಟ್ಟೆಗಳು ಗಾಳಿ ತಾಕಿ ಕಣ್ಣೆದುರೇ ನೀಲಿಯಾಗತೊಡಗಿದವು. ಮೇಡಂಗೆ ಹೋದ ಜೀವ ಬಂದಂತಾಯಿತು.

ಮೂಲೆಯ ಹುಡುಗಿಯೊಬ್ಬಳ ಬಟ್ಟೆ ಮಾತ್ರ ಬೆಳ್ಳಗೆ, ಬಣ್ಣಕ್ಕೆ ಅದ್ದದೆ ಒಣಗಿದ್ದ ಹಾಗೇ ಇತ್ತು.

"ನಿಂದೇನಮ್ಮಾ?" ಎಂದಳು ಚಿಕ್ಕಮ್ಮ.

"ಇನ್ನೂ ಆಗಿಲ್ಲ. ವಾಸನೆ ಸರಿ ಇದೆ, ಬಣ್ಣ ಹಸಿರಿಗೆ ತಿರುಗಿಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ. ಹೀಗೇ ಅದ್ದಿದ್ರೂ ನೀಲಿ ಕಾಣುತ್ತೆ, ಆದ್ರೆ ಒಗೆದ್ರೆ ಹೋಗುತ್ತೆ. ನಾಳೆ ತನಕ ಬಿಟ್ರೆ ಹುಡುಕ್ತೀನಿ."

ಚಿಕ್ಕಮ್ಮ ಅವಳಿಗೂ ಪೂರ್ತಿ ಅಂಕ ಹಾಕಿದಳು.

"ಬಟ್ಟೆ ಬಿಳೀನೇ ಇದೆಯಲ್ರೀ," ಪ್ರಿನ್ಸಿಪಾಲರು ಒಳಗೆ ಬಂದರು. "ಯಾವ ಲೆಕ್ಕದಲ್ಲಿ?"

"ಆಗದೇ ಇರೋದನ್ನ ಆಗಿದೆ ಅನ್ನೋರ ಕೈಗೆ ನಮ್ಮನೇಲಿ ಬಣ್ಣದ ಕೋಲು ಕೊಡಲ್ಲ ಸ್ವಾಮಿ. ನಿಮ್ಮ ವಿಜ್ಞಾನದಲ್ಲಿ ಹೇಗೋ ನಂಗೆ ಗೊತ್ತಿಲ್ಲ."

"ನಮ್ಮಲ್ಲೂ ಹಾಗೇ ಚಿಕ್ಕಮ್ಮಾ," ಎಂದಳು ಮೇಡಂ ಮೆಲ್ಲಗೆ. "ಹಾಗೇ ಇರಬೇಕು."

ಪ್ರಿನ್ಸಿಪಾಲರು ಹುಡುಗಿಯ ಬಕೆಟ್ ಮೇಲೆ ಬಗ್ಗಿ, ಕನ್ನಡಕ ತೆಗೆದು, ಒಮ್ಮೆ ಆಳವಾಗಿ ಮೂಸಿದರು.

"ಮುಂದಿನ ವರ್ಷಾನೂ ಪರೀಕ್ಷೆಗೆ ನಿಮ್ಮ ಚಿಕ್ಕಮ್ಮನ್ನೇ ಕರೆಸಿ ಮೇಡಂ," ಎಂದವರು ಹುಡುಗಿಯತ್ತ ತಿರುಗಿದರು. "ನಾಳೆ ಇದನ್ನ ನೋಡೋಕೆ ನಾನು ಎಷ್ಟೊತ್ತಿಗೆ ಬರ್ಲಮ್ಮಾ?"